ಮೈಸೂರಿಗೆ ಟ್ರೈನಿಂಗ್‌ಗೆ ಹೋದ ಮಗ

ಹೊಸಹಳ್ಳಿ ಮೆಟ್ರೊ ನಿಲ್ದಾಣದ ಹಿಂಬದಿಯ ಅಡ್ಡರಸ್ತೆಯಲ್ಲಿ ನಮ್ಮ ಮನೆ. ನಾಲ್ಕು ಮನೆ ಆಚೆಗಿರುವ ತಾಯಿಯೊಬ್ಬರು ಒಂದು ಸಂಜೆ ಬಂದು, ಕೂರಿ ಎಂದರೂ ಕೂರದೆ, ಬಾಗಿಲ ಚೌಕಟ್ಟು ಹಿಡಿದು ನಿಂತರು. “ಅಣ್ಣಾ, ಯಾರಾದ್ರೂ ಕೇಳಿದ್ರೆ ಅವನು ಮೈಸೂರಿಗೆ ಟ್ರೈನಿಂಗ್‌ಗೆ ಹೋಗಿದ್ದಾನೆ ಅಂತ ಹೇಳಿಬಿಡಿ. ಮೂರು ತಿಂಗಳ ಟ್ರೈನಿಂಗು” ಎಂದರು. ಅವರ ಮಗ ಆ ದಿನ ಬೆಳಿಗ್ಗೆ ಊರಾಚೆಯ ವ್ಯಸನಮುಕ್ತಿ ಕೇಂದ್ರವೊಂದಕ್ಕೆ ಸೇರಿದ್ದ.

ಆ ಹುಡುಗನ ವಿಷಯ ಬೀದಿಗೆ ಗೊತ್ತಿಲ್ಲದ್ದೇನಲ್ಲ. ಕಾಲೇಜಿನಲ್ಲಿ ಗೆಳೆಯರ ಜೊತೆ ‘ಸೊಪ್ಪು’ ಸೇದಲು ಶುರುಮಾಡಿದವನು ಎರಡು ವರ್ಷದಲ್ಲಿ ನೋವಿನ ಮಾತ್ರೆಗಳಿಗೆ ಹೋಗಿದ್ದ. ರಾತ್ರಿ ಒಂದು ಗಂಟೆಗೆ ಕಾಂಪೌಂಡ್ ಗೋಡೆಗೆ ಒರಗಿ ಕೂತಿರುತ್ತಿದ್ದುದನ್ನು ಎಲ್ಲರೂ ಕಂಡಿದ್ದರು. ಅಮ್ಮನ ಓಲೆ ಗಿರವಿ ಅಂಗಡಿ ಸೇರಿದ್ದನ್ನು ಕೇಳಿದ್ದರು. ಬೀಟ್ ಪೊಲೀಸರು ಎರಡು ಸಲ ಬಂದು ಹೋದದ್ದನ್ನೂ ನೋಡಿದ್ದರು. ಅಷ್ಟೂ ದಿನ ಆ ತಾಯಿ ಯಾರಿಗೂ ಸುಳ್ಳು ಹೇಳಿರಲಿಲ್ಲ, ತಲೆ ತಗ್ಗಿಸಿ ಓಡಾಡುತ್ತಿದ್ದರು ಅಷ್ಟೆ. ಮಗ ಚಿಕಿತ್ಸೆಗೆ ಒಪ್ಪಿ ಹೊರಟ ದಿನ ಅವರಿಗೆ ಮೊದಲ ಬಾರಿ ಸುಳ್ಳು ಬೇಕಾಯಿತು.

ಅಂದಿನಿಂದ ಇದೇ ನನ್ನನ್ನು ಕಾಡುತ್ತಿದೆ. ನಮ್ಮಂಥ ಮಧ್ಯಮ ವರ್ಗದ ಬಡಾವಣೆಗಳಲ್ಲಿ ಚಟವನ್ನು ಹೇಗೋ ಸಹಿಸಿಕೊಳ್ಳುತ್ತೇವೆ, ಚಿಕಿತ್ಸೆಯನ್ನು ಬಚ್ಚಿಡುತ್ತೇವೆ. ಕುಡಿಯುವ ಅಳಿಯ ಮದುವೆಮನೆಯಲ್ಲಿ ಎಲ್ಲರ ಕಣ್ಣೆದುರೇ ತೂರಾಡಬಹುದು. ಅದೇ ಅಳಿಯ ಕುಡಿತ ಬಿಡಲು ಆಸ್ಪತ್ರೆ ಸೇರಿದ್ದಾನೆಂದರೆ ಮಾತ್ರ ಮಾತು ಪಿಸುಮಾತಾಗುತ್ತದೆ. ವ್ಯಸನಿಗಳು ಚಿಕಿತ್ಸೆಗೆ ಬರುವುದಿಲ್ಲ ಎಂದು ದೂರುವ ಮೊದಲು, ಬಂದವರಿಗೆ ನಾವು ಎಂಥ ಮುಖ ತೋರಿಸುತ್ತಿದ್ದೇವೆ ಎಂದು ನೋಡಿಕೊಳ್ಳಬೇಕು.

ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆ 2019ರಲ್ಲಿ ಪ್ರಕಟವಾಯಿತು. ಅಫೀಮು ಜಾತಿಯ ಮಾದಕಗಳಿಂದಾಗಿ ನೆರವು ಬೇಕಾದವರು ದೇಶದಲ್ಲಿ ಸುಮಾರು 77 ಲಕ್ಷ, ಗಾಂಜಾ ಮತ್ತು ಭಂಗಿಯಿಂದಾಗಿ ಸುಮಾರು 72 ಲಕ್ಷ ಎಂದು ಅದು ಅಂದಾಜು ಮಾಡಿತು. ಮದ್ಯವ್ಯಸನಿಗಳಲ್ಲಿ 38 ಮಂದಿಗೆ ಒಬ್ಬರು ಮಾತ್ರ ಯಾವುದಾದರೂ ಚಿಕಿತ್ಸೆ ಪಡೆದಿದ್ದರು. ಆಸ್ಪತ್ರೆಗೆ ದಾಖಲಾದವರು 180ಕ್ಕೆ ಒಬ್ಬರು. ಅಕ್ರಮ ಮಾದಕಗಳ ವ್ಯಸನಿಗಳಲ್ಲಿ ದಾಖಲಾಗಿ ಚಿಕಿತ್ಸೆ ಪಡೆದವರು 20ಕ್ಕೆ ಒಬ್ಬರು. ಆಸ್ಪತ್ರೆಗಳ ಕೊರತೆ ಇದಕ್ಕೆ ಒಂದು ಕಾರಣ, ನಿಜ. ಆದರೆ ನಮ್ಮ ಊರಿನ ಮಟ್ಟಿಗೆ ಆ ಕಾರಣ ಪೂರ್ತಿ ಒಪ್ಪುವಂಥದ್ದಲ್ಲ. ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿರುವ ನಿಮ್ಹಾನ್ಸ್ ಬೆಂಗಳೂರಿನಲ್ಲೇ ಇದೆ. ಹೊಸಹಳ್ಳಿಯಲ್ಲಿ ನೇರಳೆ ಮಾರ್ಗ ಹತ್ತಿದರೆ ಮೂರನೆಯ ನಿಲ್ದಾಣ ಮೆಜೆಸ್ಟಿಕ್. ಅಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ ಲಾಲ್‌ಬಾಗ್‌ನಲ್ಲಿ ಇಳಿದರೆ ಮುಂದೆ ಆಟೊದ ದಾರಿ. ಇಷ್ಟು ಹತ್ತಿರದ ಜಾಗ ನಮ್ಮ ಅನೇಕ ಮನೆಗಳಿಗೆ ದೂರವಾಗಿಯೇ ಉಳಿದಿದೆ.

ನಾಚಿಕೆಯಿಂದ ಜನ ಚಿಕಿತ್ಸೆ ತಪ್ಪಿಸಿಕೊಂಡ ರೋಗ ಇದೇ ಮೊದಲಲ್ಲ. ನಮ್ಮ ಮಾಗಡಿ ರಸ್ತೆಯಲ್ಲೇ ಸರ್ಕಾರಿ ಕುಷ್ಠರೋಗ ಆಸ್ಪತ್ರೆಯಿದೆ. ಆ ಹೆಸರು ಕೇಳಿದರೆ ಜನ ಮುಖ ತಿರುಗಿಸುತ್ತಿದ್ದ ಕಾಲವಿತ್ತು. ಮೈಮೇಲಿನ ಮಚ್ಚೆಯನ್ನು ರವಿಕೆ ತೋಳಿನಲ್ಲಿ, ಪಂಚೆಯಂಚಿನಲ್ಲಿ ಮರೆಮಾಡಿಕೊಂಡು, ಬೆರಳು ಸ್ಪರ್ಶ ಕಳೆದುಕೊಂಡ ಮೇಲೆ ಬರುತ್ತಿದ್ದರು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಹುಔಷಧ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ಮಾತ್ರೆ ಪೊಟ್ಟಣದ ರೂಪದಲ್ಲಿ ಉಚಿತವಾಗಿ ಕೈಗೆ ಬಂತು, ಮನೆಯಲ್ಲೇ ಇದ್ದು ವಾಸಿಯಾದವರನ್ನು ನೆರೆಹೊರೆ ಕಣ್ಣಾರೆ ಕಂಡಿತು. ಆಮೇಲೆ ಭಯ ನಿಧಾನವಾಗಿ ಇಳಿಯಿತು. ಕಾನೂನು ಬಹಳ ಹಿಂದೆ ಉಳಿದಿತ್ತು: ಕುಷ್ಠರೋಗವನ್ನು ವಿಚ್ಛೇದನಕ್ಕೆ ಕಾರಣವಾಗಿಸಿದ್ದ ನಿಯಮ ಹೋದದ್ದು 2019ರಲ್ಲಿ. ನಾಚಿಕೆ ಹೋದದ್ದು ಉಪದೇಶದಿಂದಲ್ಲ, ವಾಸಿಯಾದವರು ಬೀದಿಯಲ್ಲಿ ತಲೆಯೆತ್ತಿ ನಡೆದಾಡಿದ್ದರಿಂದ. ವ್ಯಸನದ ವಿಷಯದಲ್ಲಿ ಹಾಗೆ ನಡೆದಾಡುವವರನ್ನು ನಾವೇ ಮೈಸೂರಿಗೆ ಕಳಿಸಿಬಿಡುತ್ತಿದ್ದೇವೆ.

ನಮ್ಮಲ್ಲಿ ಇದಕ್ಕೊಂದು ದೊಡ್ಡ ಪಾಠ ಪ್ರತಿವರ್ಷ ಕಾರ್ತಿಕದಲ್ಲಿ ಕಣ್ಣಮುಂದೆ ನಡೆಯುತ್ತದೆ. ಅಯ್ಯಪ್ಪನ ಮಾಲೆ. ನಮ್ಮ ರಸ್ತೆಯಲ್ಲಿ ವರ್ಷವಿಡೀ ಕುಡಿಯುವವರು, ಕೆಲವರು ಗಾಂಜಾ ಸೇದುವವರು ಸಹ, ಮಾಲೆ ಹಾಕಿದ ದಿನದಿಂದ ಮುಟ್ಟುವುದಿಲ್ಲ. ಬೆಳಗಿನ ಜಾವ ತಣ್ಣೀರು ಸ್ನಾನ, ಕಪ್ಪು ಪಂಚೆ, ಬರಿಗಾಲು, ಚಾಪೆಯ ಮೇಲೆ ನಿದ್ದೆ. 41 ದಿನ. “ಅವನಿಗೆ ಮನಸ್ಸಿದ್ದರೆ ಬಿಡುತ್ತಾನೆ, ನೋಡಿ” ಎಂದು ಮನೆಯವರು ಅದನ್ನೇ ಸಾಕ್ಷಿಯಾಗಿ ತೋರಿಸುತ್ತಾರೆ. ಮಕರಜ್ಯೋತಿ ಕಂಡು ಬಂದು ಮಾಲೆ ತೆಗೆದ ವಾರದಲ್ಲೇ ಮತ್ತೆ ಶುರುವಾದಾಗ “ಇವನಿಗೆ ದೇವರ ಭಯವೂ ಇಲ್ಲ” ಎಂದು ಬೈಯುತ್ತಾರೆ.

ಎರಡೂ ಮಾತು ತಪ್ಪು ಎನಿಸುತ್ತದೆ ನನಗೆ. ಮಾಲೆ ಅವನಿಗೆ ಏನೇನು ಕೊಟ್ಟಿತು ಎಂದು ಲೆಕ್ಕ ಹಾಕಿ ನೋಡಿ. ದಿನಕ್ಕೊಂದು ಕಟ್ಟುನಿಟ್ಟಿನ ವೇಳಾಪಟ್ಟಿ ಕೊಟ್ಟಿತು. ಇದೇ ವ್ರತ ಹಿಡಿದ ಹತ್ತು ಜನರ ಸಂಜೆಯ ಭಜನೆ ಕೊಟ್ಟಿತು. ಹದಿನೆಂಟು ಸಲ ಹೋಗಿಬಂದ ಗುರುಸ್ವಾಮಿಯನ್ನು ಕೊಟ್ಟಿತು, ಅವನು ನಡುಗಿದಾಗ ಇದನ್ನೆಲ್ಲ ಕಂಡವರೊಬ್ಬರು ಪಕ್ಕದಲ್ಲಿರುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ ಹೊಸ ಹೆಸರು ಕೊಟ್ಟಿತು. ನಿನ್ನೆಯವರೆಗೆ ‘ಏಯ್’ ಎನ್ನುತ್ತಿದ್ದ ಹಾಲಿನ ಅಂಗಡಿಯವನು ಇಂದು “ಬನ್ನಿ ಸ್ವಾಮಿ” ಎನ್ನುತ್ತಾನೆ. ಹೆಂಡತಿ ಸ್ವಾಮಿ ಎನ್ನುತ್ತಾಳೆ, ಅಮ್ಮ ಸ್ವಾಮಿ ಎನ್ನುತ್ತಾಳೆ. ಗೆಳೆಯರು ಬಾಟಲಿ ಮುಂದಿಟ್ಟು ಒತ್ತಾಯಿಸುವುದಿಲ್ಲ, ಮಾಲೆ ನೋಡಿ ಅವರೇ ಹಿಂದೆ ಸರಿಯುತ್ತಾರೆ. ಮಾಲೆ ತೆಗೆದ ದಿನ ಇದೆಲ್ಲವನ್ನೂ ಒಟ್ಟಿಗೇ ಕಿತ್ತುಕೊಳ್ಳುತ್ತೇವೆ. ಅವನು ಮತ್ತೆ ಕುಡುಕ, ಗೆಳೆಯರು ಮತ್ತೆ ಗೆಳೆಯರು.

ಒಳ್ಳೆಯ ಪುನರ್ವಸತಿ ಕೇಂದ್ರ ಮಾಡುವ ಕೆಲಸ ಬಹುಮಟ್ಟಿಗೆ ಇದೇ. ವೇಳಾಪಟ್ಟಿ, ಅದೇ ದಾರಿಯಲ್ಲಿರುವವರ ಗುಂಪು, ದಾಟಿ ಬಂದ ಹಿರಿಯನ ಜೊತೆ, ಹೊಸದಾಗಿ ತನ್ನನ್ನು ತಾನು ಕರೆದುಕೊಳ್ಳುವ ಅವಕಾಶ. ಮಾಲೆಗೆ ಸಾಧ್ಯವಾಗದ ಎರಡು ಕೆಲಸಗಳನ್ನು ಅದು ಮಾಡಬೇಕು. ಮೊದಲನೆಯದು ವೈದ್ಯಕೀಯ. ವರ್ಷಗಟ್ಟಲೆ ವಿಪರೀತ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಮೊದಲೆರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಇಲ್ಲದ್ದು ಕಾಣುವುದು, ಜ್ವರ, ಬುದ್ಧಿಭ್ರಮಣೆಯೂ ಬಂದು ಪ್ರಾಣಕ್ಕೆ ಅಪಾಯವಾಗಬಹುದು. ಆಸ್ಪತ್ರೆಯಲ್ಲಿ ಇದನ್ನು ತಡೆಯುವ ಔಷಧಿ ಇದೆ, ಭಜನೆಯಲ್ಲಿಲ್ಲ. ಅಫೀಮು ಜಾತಿಯ ಮಾತ್ರೆ, ಹೆರಾಯಿನ್ ಬಿಟ್ಟವರ ಅಪಾಯ ಬೇರೆ. ಬಿಟ್ಟ ಕೆಲ ವಾರಗಳಲ್ಲಿ ದೇಹದ ತಾಳಿಕೆ ಇಳಿದಿರುತ್ತದೆ. ಮತ್ತೆ ಒಂದು ದಿನ ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. “ಬಿಡಿಸಿಕೊಂಡು ಬಂದಿದ್ದೇವೆ” ಎಂದು ಮನೆಯವರು ನಿಟ್ಟುಸಿರು ಬಿಡುವ ಆ ವಾರಗಳೇ ಅತಿ ಎಚ್ಚರದ ವಾರಗಳು. ಇವರಿಗೆ ಬುಪ್ರೆನಾರ್ಫಿನ್, ನಾಲ್ಟ್ರೆಕ್ಸೋನ್‌ನಂಥ ಔಷಧಿಗಳನ್ನು ವೈದ್ಯರು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕೊಡುವುದು ಅದಕ್ಕೇ. ಎರಡನೆಯ ಕೆಲಸ, ಮಾಲೆ ತೆಗೆದ ಮರುದಿನದ ಕೆಲಸ. ಅದು ಕೇಂದ್ರ ಒಂದರಿಂದಲೇ ಆಗುವುದಿಲ್ಲ. ಬೀದಿಯೂ ಕೈಜೋಡಿಸಬೇಕು.

ಇಳಕಲ್ಲಿನ ಮಹಾಂತ ಸ್ವಾಮೀಜಿ ಇದನ್ನು ಬಹಳ ಹಿಂದೆಯೇ ಅರಿತಿದ್ದರು. ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು ತಿರುಗಿ, ದುಡ್ಡು ಬೇಡ, ದವಸ ಬೇಡ, ನಿಮ್ಮ ಚಟಗಳನ್ನು ಭಿಕ್ಷೆ ಹಾಕಿ ಎಂದು ಬೇಡಿದವರು ಅವರು. ಆ ಜೋಳಿಗೆಯ ಗುಟ್ಟು ಏನೆಂದು ಯೋಚಿಸಿದ್ದೇನೆ. ಭಿಕ್ಷೆ ನೀಡುವವನು ಎಂದೂ ಬೇಡುವವನಿಗಿಂತ ಕೆಳಗೆ ನಿಲ್ಲುವುದಿಲ್ಲ. ಸ್ವಾಮಿಗಳೇ ಕೈಯೊಡ್ಡಿ ನಿಂತಾಗ ಕುಡುಕ ಕೊಡುವವನಾಗುತ್ತಾನೆ, ಅದೂ ಊರ ಎದುರು. ಬಿಡುವುದನ್ನು ಅವರು ಮರ್ಯಾದೆಯ ಕೆಲಸವಾಗಿಸಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಹುಟ್ಟುಹಬ್ಬವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಆ ದಿನ ಶಾಲೆ ಮಕ್ಕಳ ಪ್ರಮಾಣವಚನಕ್ಕೇ ಆಚರಣೆ ಮುಗಿದರೆ ಜೋಳಿಗೆ ಖಾಲಿಯೇ ಉಳಿಯುತ್ತದೆ. ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳ ಬಲವೂ ಇದೇ ಬಯಲುತನ. ಅವು ಊರ ನಡುವಿನ ಸಭಾಭವನದಲ್ಲಿ ನಡೆಯುತ್ತವೆ, ಮನೆಯವರು ಬರುತ್ತಾರೆ, ಮುಗಿದ ಮೇಲೆ ಬಿಟ್ಟವರು ‘ನವಜೀವನ’ದ ಹೆಸರಲ್ಲಿ ಮತ್ತೆ ಸೇರುತ್ತಾರೆ. ಕೆಲವೇ ದಿನಗಳ ಶಿಬಿರ ಎಲ್ಲ ರೋಗಿಗಳಿಗೂ ಸಾಲದು, ಮಾದಕ ವಸ್ತುಗಳಿಗಂತೂ ಆಸ್ಪತ್ರೆಯೇ ಬೇಕು. ಆದರೆ ಬಿಟ್ಟವನಿಗೊಂದು ಹೆಸರು ಬೇಕು, ಬಳಗ ಬೇಕು ಎಂಬುದನ್ನು ಆ ಶಿಬಿರಗಳು ಬಲ್ಲವು.

ಇದಕ್ಕೆ ನೇರ ವಿರುದ್ಧವಾದ ಇನ್ನೊಂದು ದಾರಿ ನಮ್ಮ ಗೋಡೆಗಳ ಮೇಲೆಯೇ ಅಂಟಿಸಿದೆ. “ಕುಡಿತ ಬಿಡಿಸಲಾಗುವುದು, ಕುಡಿಯುವವರಿಗೆ ತಿಳಿಯದಂತೆ” ಎಂಬ ಚೀಟಿಗಳನ್ನು ಬಸ್‌ಸ್ಟಾಪಿನ ಕಂಬಗಳ ಮೇಲೆ ನೀವೂ ನೋಡಿರುತ್ತೀರಿ. ಸಾರಿನಲ್ಲಿ, ಮಜ್ಜಿಗೆಯಲ್ಲಿ ಪುಡಿ ಬೆರೆಸಿ ಕೊಡಿ ಎನ್ನುತ್ತಾರೆ. ಅಂಥ ಪುಡಿಯಲ್ಲಿ ಡೈಸಲ್ಫಿರಾಮ್ ಎಂಬ ಔಷಧಿ ಇದ್ದಲ್ಲಿ, ಅದು ಮೈಯಲ್ಲಿರುವಾಗ ಕುಡಿದರೆ ಎದೆ ಹೊಡೆದುಕೊಳ್ಳುತ್ತದೆ, ರಕ್ತದೊತ್ತಡ ಕುಸಿಯುತ್ತದೆ, ಹೃದಯ ದುರ್ಬಲವಿದ್ದವರ ಜೀವಕ್ಕೇ ಕುತ್ತು. ವೈದ್ಯರು ಅದನ್ನು ರೋಗಿಗೆ ತಿಳಿಹೇಳಿ, ಒಪ್ಪಿಗೆ ಪಡೆದೇ ಕೊಡುತ್ತಾರೆ. ಇನ್ನು ರಾತ್ರಿ ವ್ಯಾನಿನಲ್ಲಿ ನಾಲ್ವರನ್ನು ಕಳಿಸಿ ಮಲಗಿದ್ದವನನ್ನು ಎತ್ತಿಕೊಂಡು ಹೋಗುವ ಕೇಂದ್ರಗಳೂ ಇವೆ. ನೆಲಮಂಗಲದ ಕಡೆಯ ಖಾಸಗಿ ಕೇಂದ್ರವೊಂದರಲ್ಲಿ ದಾಖಲಾಗಿದ್ದವನನ್ನು ಥಳಿಸುವ ವಿಡಿಯೊ 2025ರಲ್ಲಿ ಹೊರಬಂದಾಗ ಎಲ್ಲರೂ ಬೆಚ್ಚಿದೆವು. ಅಂಥ ಒಂದು ವಿಡಿಯೊ ನೋಡಿದ ಹುಡುಗ ತಾನಾಗಿ ಯಾವ ಕೇಂದ್ರದ ಮೆಟ್ಟಿಲನ್ನೂ ಹತ್ತುವುದಿಲ್ಲ. ಒಂದು ಕೆಟ್ಟ ಕೇಂದ್ರ ಹತ್ತು ಒಳ್ಳೆಯ ಕೇಂದ್ರಗಳ ಬಾಗಿಲು ಮುಚ್ಚಿಸುತ್ತದೆ.

ಹೀಗಾಗಿ ಚಿಕಿತ್ಸೆಗೆ ಹೋಗಿ ಎಂದು ಹುರಿದುಂಬಿಸುವವರು ಎಂಥ ಕಡೆಗೆ ಕಳಿಸುತ್ತಿದ್ದೇವೆ ಎಂಬುದನ್ನೂ ತಿಳಿದಿರಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕಗಳಿಂದಾಗುವ ಮಾನಸಿಕ ಸ್ಥಿತಿಗಳನ್ನು ತನ್ನ ವ್ಯಾಪ್ತಿಗೆ ತಂದಿದೆ. ಅಂಥವರನ್ನು ಇಟ್ಟುಕೊಂಡು ಚಿಕಿತ್ಸೆ ನೀಡುವ ಕೇಂದ್ರ ನೋಂದಣಿ ಮಾಡಿಸಲೇಬೇಕು. ಸರಪಳಿ ಹಾಕುವಂತಿಲ್ಲ. ರೋಗಿಯ ವಿಷಯ ಗುಟ್ಟಾಗಿರಬೇಕು. ಒಪ್ಪಿಗೆಯಿಲ್ಲದೆ ದಾಖಲಿಸುವುದಕ್ಕೆ ಅವಕಾಶ ಇಲ್ಲವೆಂದಲ್ಲ, ಆದರೆ ಅದಕ್ಕೆ ಮನೋವೈದ್ಯರ ಪರೀಕ್ಷೆ ಬೇಕು, ತನಗೋ ಇತರರಿಗೋ ಅಪಾಯವಿದೆ ಎಂಬಂಥ ಕಾರಣ ಬೇಕು, ಮೊದಲ ಅವಧಿ 30 ದಿನ ಮೀರುವಂತಿಲ್ಲ. ಸೇರಿಸುವ ಮುನ್ನ ನೋಂದಣಿ ಪತ್ರ ತೋರಿಸಿ ಎಂದು ಕೇಳಿ. ಮನೋವೈದ್ಯರು ವಾರದಲ್ಲಿ ಯಾವ ದಿನ ಬರುತ್ತಾರೆ, ಮನೆಯವರು ಯಾವಾಗ ಮುಖ ನೋಡಿ ಮಾತಾಡಬಹುದು ಎಂದು ಕೇಳಿ. ಈ ಪ್ರಶ್ನೆಗಳಿಗೆ ಸಿಡುಕುವ ಜಾಗದಿಂದ ಎದ್ದು ಬನ್ನಿ.

“ಅವನಿಗೇ ಮನಸ್ಸು ಬರಬೇಕಲ್ಲ, ನಾವೇನು ಮಾಡೋಕಾಗತ್ತೆ?” ಇದು ನಾನು ಅತಿ ಹೆಚ್ಚು ಕೇಳಿದ ಮಾತು. ಅರ್ಧ ಸತ್ಯ. ಮನಸ್ಸು ತಾನಾಗಿ ಬರುವವರೆಗೆ ಕಾಯುವುದೂ ಒಂದೇ, ನಂಟರನ್ನೆಲ್ಲ ಕೂಡಿಸಿ ನಡುಮನೆಯಲ್ಲಿ ವಿಚಾರಣೆ ನಡೆಸುವುದೂ ಒಂದೇ, ಎರಡರ ಫಲವೂ ಕಡಿಮೆ. 1999ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು ಚಿಕಿತ್ಸೆಗೆ ಒಪ್ಪದ ಮದ್ಯವ್ಯಸನಿಗಳ ಮನೆಯವರಿಗೆ ಮೂರು ಬಗೆಯ ತರಬೇತಿ ಕೊಟ್ಟು ನೋಡಿತು. ಎಲ್ಲರೂ ಸೇರಿ ಮುಖಾಮುಖಿಯಾಗಿ ಒತ್ತಾಯಿಸುವ ವಿಧಾನದಲ್ಲಿ ಚಿಕಿತ್ಸೆಗೆ ಬಂದವರು ಶೇ 30. ನಾವು ನಮ್ಮ ಮನಸ್ಸು ನೋಡಿಕೊಳ್ಳೋಣ, ಅವನನ್ನು ಬಿಟ್ಟುಬಿಡೋಣ ಎಂಬ ವಿಧಾನದಲ್ಲಿ ಶೇ 13. ಮೂರನೆಯದರಲ್ಲಿ ಶೇ 64. ಆ ಮೂರನೆಯದರಲ್ಲಿ ಮನೆಯವರು ಕಲಿತದ್ದು ದೊಡ್ಡ ವಿದ್ಯೆಯೇನಲ್ಲ. ಅಮಲಿನಲ್ಲಿರುವಾಗ ವಾದಕ್ಕಿಳಿಯಬೇಡಿ, ಇಳಿದ ಮೇಲೆ ಮಾತಾಡಿ. ಅವನು ಮುಟ್ಟದ ದಿನ ಅವನ ಜೊತೆ ಕೂತು ಊಟ ಮಾಡಿ, ಅವನಿಗಿಷ್ಟವಾದದ್ದನ್ನು ಮಾಡಿ. ಮುಟ್ಟಿದ ದಿನ ಸುಮ್ಮನೆ ಪಕ್ಕಕ್ಕೆ ಸರಿಯಿರಿ. ಅವನ ಸಾಲ ತೀರಿಸಬೇಡಿ, ಆಫೀಸಿಗೆ ಫೋನ್ ಮಾಡಿ ಜ್ವರ ಎಂದು ಸುಳ್ಳು ಹೇಳಬೇಡಿ. “ಸಾಕಾಗಿದೆ” ಎಂದು ಅವನು ಬಾಯ್ಬಿಟ್ಟ ಗಳಿಗೆಯಲ್ಲಿ ಎಲ್ಲಿಗೆ, ಯಾವ ವೈದ್ಯರ ಬಳಿಗೆ ಎಂಬುದು ಮೊದಲೇ ಗೊತ್ತಿರಲಿ, ಏಕೆಂದರೆ ಆ ಗಳಿಗೆ ಮರುದಿನಕ್ಕೆ ಉಳಿಯುವುದಿಲ್ಲ.

“ಮದುವೆ ಮಾಡಿದ್ರೆ ಸರಿಹೋಗ್ತಾನೆ” ಎಂಬ ಮಾತಿನ ಬಗ್ಗೆ ಒಂದೇ ವಾಕ್ಯ ಹೇಳುತ್ತೇನೆ. ಅದು ಇನ್ನೊಂದು ಮನೆಯ ಮಗಳನ್ನು ಔಷಧಿಯಂತೆ ಬಳಸುವ ಪಾಪ.

ಪೊಲೀಸರ ಭಯವೂ ಮನೆಗಳನ್ನು ಕಟ್ಟಿಹಾಕಿದೆ. ಆಸ್ಪತ್ರೆಗೆ ಹೋದರೆ ಕೇಸು ಬೀಳುತ್ತದೆ, ಪಾಸ್‌ಪೋರ್ಟ್ ಸಿಗುವುದಿಲ್ಲ ಎಂದು ಹೆದರುತ್ತಾರೆ. 1985ರ ಮಾದಕ ವಸ್ತು ಕಾಯ್ದೆಯ 27ನೇ ಸೆಕ್ಷನ್ ಸೇವನೆಯನ್ನು ಅಪರಾಧ ಎನ್ನುತ್ತದೆ, ಸರಿ. ಅದೇ ಕಾಯ್ದೆಯ 64ಎ ಸೆಕ್ಷನ್ ಇನ್ನೊಂದು ಮಾತನ್ನೂ ಹೇಳುತ್ತದೆ. ಸೇವನೆಗಾಗಿ ಅಥವಾ ಅಲ್ಪ ಪ್ರಮಾಣಕ್ಕಾಗಿ ಆರೋಪ ಹೊತ್ತ ವ್ಯಸನಿ ತಾನಾಗಿಯೇ ಸರ್ಕಾರ ನಡೆಸುವ ಅಥವಾ ಮಾನ್ಯ ಮಾಡಿದ ಕಡೆ ಚಿಕಿತ್ಸೆಗೆ ಮುಂದಾಗಿ ಪಡೆದರೆ ಅವನನ್ನು ವಿಚಾರಣೆಗೆ ಗುರಿಮಾಡುವಂತಿಲ್ಲ. ಚಿಕಿತ್ಸೆಯನ್ನು ಪೂರ್ತಿ ಮಾಡದಿದ್ದರೆ ಆ ರಕ್ಷಣೆಯನ್ನು ಹಿಂತೆಗೆದುಕೊಳ್ಳಬಹುದು. ಶಿಕ್ಷಿಸುವ ಕಾನೂನು ತಾನೇ ತೆರೆದಿಟ್ಟ ಈ ಬಾಗಿಲನ್ನು ಠಾಣೆಗಳ ಗೋಡೆಯ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆಸಬೇಕು. ಮಾರಾಟಗಾರರನ್ನು ಹಿಡಿದ ಸುದ್ದಿ, ಮೇಜಿನ ಮೇಲೆ ಜೋಡಿಸಿದ ಪೊಟ್ಟಣಗಳ ಚಿತ್ರ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತವೆ. ಬಿಡಲು ಬಂದವನಿಗೆ ರಕ್ಷಣೆಯಿದೆ ಎಂಬ ಸುದ್ದಿಯನ್ನು ನಾನು ಅಷ್ಟು ದೊಡ್ಡ ಅಕ್ಷರದಲ್ಲಿ ಕಂಡಿಲ್ಲ.

ಈಗ ಮತ್ತೆ ಆ ತಾಯಿಯ ಮಗನ ವಿಷಯಕ್ಕೆ ಬರುತ್ತೇನೆ. ಅವನು ಮೂರು ತಿಂಗಳು ಮುಗಿಸಿ ಬಂದ, ಮೈ ಕೈ ತುಂಬಿಕೊಂಡಿದ್ದ. ಆಮೇಲೆ ಮತ್ತೆ ಬಿದ್ದ. ಈ ಸಲ ಅವರ ಜೊತೆ ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ನಾನೂ ಹೋಗಿದ್ದೆ. “ಇನ್ನೇನು ಮುಖ ಇಟ್ಕೊಂಡು ಹೋಗೋದು, ಬೈತಾರೆ” ಎಂದು ಹುಡುಗ ದಾರಿಯುದ್ದಕ್ಕೂ ಕೈಯಲ್ಲಿದ್ದ ಫೈಲಿನ ಅಂಚನ್ನು ಚಿವುಟುತ್ತಿದ್ದ. ವೈದ್ಯೆ ಚಿಕ್ಕ ವಯಸ್ಸಿನವರು. ಫೈಲು ತಿರುವಿ ನೋಡಿ, “ಹೊರಗೆ ಬಂದ ಮೇಲೆ ಎಷ್ಟು ದಿನ ತಗೊಂಡಿರಲಿಲ್ಲ?” ಎಂದು ಕೇಳಿದರು.

“ಮೂವತ್ತೆರಡು ದಿನ, ಮೇಡಂ.”

ಅವರು 32 ಎಂದು ಬರೆದುಕೊಂಡು ಅದರ ಸುತ್ತ ಒಂದು ಸುತ್ತು ಹಾಕಿದರು. “ಒಳ್ಳೇದು. ಮೂವತ್ತಮೂರನೇ ದಿನ ಏನಾಯ್ತು?”

ಹುಡುಗ ತುಂಬ ಹೊತ್ತು ಸುಮ್ಮನಿದ್ದ. ಚೌಲ್ಟ್ರಿಯಲ್ಲಿ ಚಿಕ್ಕಪ್ಪನ ಮಗಳ ಮದುವೆ. ಊಟದ ಪಂಕ್ತಿಯಲ್ಲಿ ಪಕ್ಕ ಕೂತ ದೊಡ್ಡಪ್ಪ, “ಏನಪ್ಪಾ, ಟ್ರೈನಿಂಗ್ ಮುಗೀತಂತಲ್ಲ, ಸಂಬಳ ಎಷ್ಟು ಕೊಡ್ತಾರೆ?” ಎಂದು ಪ್ರೀತಿಯಿಂದಲೇ ಕೇಳಿದ್ದರು. ಎದುರಿನ ಸಾಲಿನವರೂ ಉತ್ತರಕ್ಕೆ ಕಿವಿಗೊಟ್ಟಿದ್ದರು. ಇವನು ಎಲೆ ಬಿಟ್ಟು ಎದ್ದು ಕೈ ತೊಳೆಯಲು ಹೋದವನು ಹಾಗೆಯೇ ಹೊರಗೆ ಹೋಗಿ ಹಳೆಯ ಗೆಳೆಯನಿಗೆ ಫೋನ್ ಮಾಡಿದ್ದ.

ತಾಯಿ ಸೆರಗು ಬಾಯಿಗೆ ಹಿಡಿದುಕೊಂಡು ಕೇಳುತ್ತಿದ್ದರು. ಅವರನ್ನು ದೂರುವ ಮನಸ್ಸು ನನಗಿಲ್ಲ. ಆ ಸುಳ್ಳನ್ನು ನಮ್ಮೆಲ್ಲರ ಕಣ್ಣಿಗೆ ಹೆದರಿ ಹೇಳಿದ್ದರು, ನಾನೂ ಅದನ್ನು ಇಬ್ಬರು ಮೂವರಿಗೆ ಒಪ್ಪಿಸಿದ್ದೆ. ಆ ಒಂದು ಮಾತು ಅವನಿಗೆ ಊರುಗೋಲಾಗಬಲ್ಲ ಎಲ್ಲರನ್ನೂ ದೂರ ಇಟ್ಟಿತು. ರಾತ್ರಿ ಕ್ರಿಕೆಟ್ಟಿಗೆ ಏಕೆ ಬರುವುದಿಲ್ಲ ಎಂದು ಗೆಳೆಯರಿಗೆ ಹೇಳಲಾರ, ತಲೆ ಸಿಡಿಯುತ್ತಿದೆ ಎಂದು ದೊಡ್ಡಪ್ಪನಿಗೆ ಹೇಳಲಾರ.

ಮತ್ತೆ ಬಿದ್ದವನನ್ನು ಕಂಡು ಚಿಕಿತ್ಸೆಯೇ ವ್ಯರ್ಥ ಎನ್ನುವವರು ಬಹಳ. ಅಮೆರಿಕದ ರಾಷ್ಟ್ರೀಯ ಮಾದಕ ವ್ಯಸನ ಸಂಸ್ಥೆ ಕೊಡುವ ಹೋಲಿಕೆ ನೋಡಿ: ವ್ಯಸನದ ಚಿಕಿತ್ಸೆ ಪಡೆದವರಲ್ಲಿ ಮರುಕಳಿಕೆ ಶೇ 40ರಿಂದ 60, ರಕ್ತದೊತ್ತಡ ಮತ್ತು ಅಸ್ತಮಾದಲ್ಲಿ ಶೇ 50ರಿಂದ 70. ಬಿಪಿ ಮತ್ತೆ ಏರಿದ ಅಪ್ಪನನ್ನು ಯಾರೂ ಮನೆಯಿಂದ ಹೊರಹಾಕುವುದಿಲ್ಲ, ಮಾತ್ರೆ ಬದಲಿಸಲು ವೈದ್ಯರ ಬಳಿ ಕರೆದೊಯ್ಯುತ್ತಾರೆ. ಮಗನಿಗೂ ಅಷ್ಟೇ ಬೇಕಾಗಿರುವುದು.

ನಮ್ಮ ಭಾಗದ ಗಣೇಶೋತ್ಸವ ಸಮಿತಿಗಳು, ರಾಜ್ಯೋತ್ಸವದ ಕನ್ನಡ ಸಂಘಗಳು ರಕ್ತದಾನ ಶಿಬಿರ, ಕಣ್ಣಿನ ತಪಾಸಣೆ ಎಲ್ಲವನ್ನೂ ಮಾಡುತ್ತವೆ. ಅದೇ ಶಾಮಿಯಾನದಲ್ಲಿ ವ್ಯಸನ ಚಿಕಿತ್ಸೆಯ ವೈದ್ಯರೊಬ್ಬರನ್ನು ಒಂದು ಗಂಟೆ ಕೂರಿಸಿ. ಬಿಟ್ಟು ವರ್ಷವಾದವರು ಒಬ್ಬರು ಒಪ್ಪಿದರೆ ಅವರಿಗೆ ಹಾರ ಹಾಕಿ ಎರಡು ಮಾತಾಡಲು ಮೈಕು ಕೊಡಿ. ಮಾದಕ ವ್ಯಸನದ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ-ಮನಸ್ 14416. ಟೆಲಿ-ಮನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು. ಈ ಎರಡು ಸಂಖ್ಯೆಗಳನ್ನು ಕರಪತ್ರದ ಮೂಲೆಯಲ್ಲಿ ಅಚ್ಚು ಹಾಕಿಸಿ.

ಆಸ್ಪತ್ರೆಯಿಂದ ಹೊರಬಂದು ಮೆಟ್ರೊದಲ್ಲಿ ಕೂತಾಗ ಆ ತಾಯಿ ತಮ್ಮ ತಂಗಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದರು. ಮೈಸೂರು ಸುಳ್ಳು ಎಂಬುದನ್ನೂ ಹೇಳಿದರು. ಹುಡುಗ ಈಗ ಹದಿನೈದು ದಿನಕ್ಕೊಮ್ಮೆ ಮಂಗಳವಾರ ಆಸ್ಪತ್ರೆಗೆ ಹೋಗುತ್ತಾನೆ, ಒಬ್ಬನೇ ಹೋಗುವುದಿಲ್ಲ. ಕಳೆದ ಸಲ ನಾನು ಹೋಗಿದ್ದೆ. ಈ ಸಲ ಚಿಕ್ಕಮ್ಮ ಹೋಗುತ್ತಾರೆ. ಅದರ ಮುಂದಿನ ಸಲ ತಾನು ಬರುತ್ತೇನೆ ಎಂದು ದೊಡ್ಡಪ್ಪ ಹೇಳಿ ಕಳಿಸಿದ್ದಾರೆ.